ರೈತರ ಹೆಸರಲ್ಲಿ 'ಹೌದು', ರೈತರ ಹೆಸರಲ್ಲೇ 'ಬೇಡ'

ಕೃಷಿಗೆ ಸಂಬಂಧಿಸಿದ ಒಂದು ಕಾನೂನು ಬರುತ್ತದೆ. 'ಇದು ರೈತರಿಗಾಗಿ' ಅಂತ ಒಂದು ಕಡೆಯವರು. 'ಇದು ರೈತರಿಗೆ ಮಾರಕ' ಅಂತ ಇನ್ನೊಂದು ಕಡೆಯವರು. ಎರಡೂ ಕಡೆ ರೈತ ಸಂಘಟನೆಗಳೇ. ಎರಡೂ ಕಡೆ ಭಾಷಣಕ್ಕೆ ನಿಲ್ಲುವವರು ಮಣ್ಣಿನ ಮಕ್ಕಳೇ. ನಡುವೆ ನಿಂತ ಎರಡೆಕ್ರೆ, ಮೂರೆಕ್ರೆಯ ಕೃಷಿಕ ಯಾರ ಮಾತು ನಂಬಬೇಕು?

ಇದು ನಮ್ಮೂರಿನ ಗೊಂದಲ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ರಾಜ್ಯಗಳಲ್ಲಿ ಇಂಥ ಪ್ರಶ್ನೆಗಳನ್ನು ನೇರ ಜನರ ಮತಕ್ಕೇ ಇಡುತ್ತಾರೆ. ಹಾಗಾಗಿ ಅಲ್ಲಿ ಯಾರು ಯಾವ ಕಡೆ ನಿಂತರು, ಯಾಕೆ ನಿಂತರು, ದುಡ್ಡು ಎಲ್ಲಿಂದ ಬಂತು ಎಂಬುದೆಲ್ಲ ತಕ್ಕಮಟ್ಟಿಗೆ ಹೊರಗೆ ಕಾಣುತ್ತದೆ. ಅದನ್ನು ಸ್ವಲ್ಪ ವಿವರವಾಗಿ ನೋಡಿದರೆ ನಮಗೂ ಕಲಿಯಲಿಕ್ಕಿದೆ.

ಜನಮತ ಅಂದ್ರೆ ಹೇಗೆ?

ಇಡೀ ಅಮೆರಿಕ ದೇಶಕ್ಕೆ ಒಟ್ಟಾಗಿ ಇಂಥ ಜನಮತದ ಪದ್ಧತಿ ಇಲ್ಲ. ಇರುವುದು ರಾಜ್ಯಗಳಲ್ಲಿ ಮತ್ತು ಕೌಂಟಿಗಳಲ್ಲಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ, ತಾಲೂಕಿನ ಹಾಗೆ. ಚುನಾವಣೆಯ ದಿನ ಅಭ್ಯರ್ಥಿಗಳ ಹೆಸರಿನ ಜೊತೆಗೆ ಮತಪತ್ರದಲ್ಲಿ ಕೆಲವು ಪ್ರಶ್ನೆಗಳೂ ಇರುತ್ತವೆ. ಪ್ರತಿ ಪ್ರಶ್ನೆಗೆ 'ಹೌದು' ಅಥವಾ 'ಬೇಡ' ಅಂತ ಗುರುತು ಹಾಕಬೇಕು.

ಈ ಪ್ರಶ್ನೆಗಳು ಮೂರು ದಾರಿಯಿಂದ ಬರುತ್ತವೆ. ಒಂದು, ಜನರೇ ಸಹಿ ಸಂಗ್ರಹಿಸಿ ಹೊಸ ಕಾನೂನನ್ನು ಮತಕ್ಕಿಡುವುದು. ಎರಡು, ಶಾಸನಸಭೆ ಮಾಡಿದ ಕಾನೂನು ಇಷ್ಟವಾಗದಿದ್ದರೆ, ಸಹಿ ಸಂಗ್ರಹಿಸಿ ಅದನ್ನು ತಡೆದು ಜನರ ತೀರ್ಪಿಗೆ ಎಳೆದು ತರುವುದು. ಮೂರು, ಶಾಸನಸಭೆಯೇ ಜನರ ಒಪ್ಪಿಗೆ ಕೇಳುವುದು. ಮೊದಲ ಎರಡು ದಾರಿ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಮಾತ್ರ ಇವೆ.

ಇಲ್ಲೊಂದು ಸೂಕ್ಷ್ಮ ಇದೆ. ಎರಡನೇ ದಾರಿಯಲ್ಲಿ ಸಹಿ ಸಂಗ್ರಹಿಸಿದವರೇ 'ಬೇಡ'ಕ್ಕೆ ಮತ ಹಾಕಿ ಎನ್ನುತ್ತಾರೆ! ಯಾಕೆಂದರೆ ಮತಪತ್ರ ಕೇಳುವುದು 'ಈ ಕಾನೂನಿಗೆ ಒಪ್ಪಿಗೆಯೇ?' ಅಂತ. 'ಮತಕ್ಕೆ ತಂದವರು ಅವರೇ, ಈಗ ಬೇಡ ಎನ್ನುವವರೂ ಅವರೇ' ಎಂದು ಜನ ಗಲಿಬಿಲಿಯಾಗುವುದು ಇಲ್ಲೇ.

ಕಂಪೆನಿಗೆ ಹೊಲ ಇಲ್ಲ

ಉತ್ತರ ಡಕೋಟ ಅಮೆರಿಕದ ಉತ್ತರ ಗಡಿಯ ರಾಜ್ಯ. ಗೋಧಿ, ದನ, ಚಳಿ ಇದು ಅದರ ಗುರುತು. ರೈತರು ರಾಜಕೀಯವಾಗಿ ಎದ್ದು ನಿಂತ ಊರು ಅದು. 1915ರಲ್ಲಿ ಅಲ್ಲಿ ಹುಟ್ಟಿದ ನಾನ್‌ಪಾರ್ಟಿಸನ್ ಲೀಗ್ ಎಂಬ ರೈತ ಚಳವಳಿ ಕೆಲವೇ ವರ್ಷಗಳಲ್ಲಿ ಅಧಿಕಾರ ಹಿಡಿದು ರಾಜ್ಯದ್ದೇ ಬ್ಯಾಂಕು, ರಾಜ್ಯದ್ದೇ ಹಿಟ್ಟಿನ ಗಿರಣಿ ಕಟ್ಟಿತು. ಎರಡೂ ಇವತ್ತಿಗೂ ನಡೆಯುತ್ತಿವೆ.

1930ರ ಹೊತ್ತಿಗೆ ಬೆಲೆ ಕುಸಿತ, ಬರ. ಸಾಲ ಕಟ್ಟಲಾಗದವರ ಹೊಲಗಳು ಬ್ಯಾಂಕು, ವಿಮಾ ಕಂಪೆನಿಗಳ ಪಾಲಾಗತೊಡಗಿದವು. ಆಗ 1932ರಲ್ಲಿ ಜನರೇ ಒಂದು ಪ್ರಸ್ತಾವ ತಂದು ಗೆಲ್ಲಿಸಿದರು. ಕಂಪೆನಿಗಳು ಕೃಷಿಭೂಮಿ ಹೊಂದಬಾರದು, ಬೇಸಾಯ ನಡೆಸಬಾರದು ಎಂಬುದೇ ಆ ಕಾನೂನು. 1981ರಲ್ಲಿ ಒಂದು ಸಡಿಲಿಕೆ ಆಯ್ತು. ಒಂದೇ ಕುಟುಂಬದ ನೆಂಟರು ಸೇರಿ, ಹದಿನೈದು ಪಾಲುದಾರರ ಮಿತಿಯೊಳಗೆ, ಕೃಷಿ ಕಂಪೆನಿ ಮಾಡಿಕೊಳ್ಳಬಹುದು ಎಂದಾಯಿತು. ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಒಟ್ಟಾಗಿ ನಡೆಸುವ ಬೇಸಾಯಕ್ಕೆ ಅನುಕೂಲವಾಗಲಿ ಅಂತ. ಹೊರಗಿನ ಹೂಡಿಕೆದಾರರಿಗೆ ಮಾತ್ರ ಬಾಗಿಲು ತೆರೆಯಲಿಲ್ಲ.

2015ರಲ್ಲಿ ಬಾಗಿಲು ಸಂದು ಬಿಟ್ಟಿತು

2015ರಲ್ಲಿ ಅಲ್ಲಿನ ಶಾಸನಸಭೆ ಇನ್ನೊಂದು ಸಡಿಲಿಕೆ ಮಾಡಿತು. ಹೈನುಗಾರಿಕೆ ಮತ್ತು ಹಂದಿ ಸಾಕಣೆಗೆ ಮಾತ್ರ, ಯಾವುದೇ ಕಂಪೆನಿ 640 ಎಕ್ರೆವರೆಗೆ ಭೂಮಿ ಹೊಂದಬಹುದು. ಕನಿಷ್ಠ 50 ಹಸು ಅಥವಾ 500 ಹಂದಿ ಇರಬೇಕು. ರಾಜ್ಯಪಾಲರ ಸಹಿಯೂ ಬಿತ್ತು. (ಅಲ್ಲಿ ರಾಜ್ಯಪಾಲರೆಂದರೆ ಜನರೇ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಹಾಗೆ.)

ಈಗ ಶುರುವಾಯ್ತು ನೋಡಿ ರೈತರಿಗೂ ರೈತರಿಗೂ ಜಗಳ.

ಆ ರಾಜ್ಯದಲ್ಲಿ ಎರಡು ದೊಡ್ಡ ರೈತ ಸಂಘಟನೆಗಳು. ಒಂದು ಫಾರ್ಮ್ ಬ್ಯೂರೋ, ಇನ್ನೊಂದು ಫಾರ್ಮರ್ಸ್ ಯೂನಿಯನ್. ಹೆಸರು ಕೇಳಿದರೆ ಅಣ್ಣತಮ್ಮ ಅನ್ನಿಸಬೇಕು. ಎರಡಕ್ಕೂ ಊರೂರಲ್ಲಿ ಸದಸ್ಯರಿದ್ದಾರೆ. ಎರಡರ ಹೆಸರಿನಲ್ಲೂ ವಿಮಾ ವ್ಯವಹಾರ ನಡೆಯುತ್ತದೆ. ಆದರೆ ಈ ಪ್ರಶ್ನೆಯಲ್ಲಿ ಒಂದು ಪೂರ್ವಕ್ಕೆ ತಿರುಗಿದರೆ ಇನ್ನೊಂದು ಪಶ್ಚಿಮಕ್ಕೆ.

ಫಾರ್ಮ್ ಬ್ಯೂರೋ ಮತ್ತು ಹೈನುಗಾರರು, ಹಂದಿ ಸಾಕಣೆಗಾರರ ಸಂಘಗಳು ಹೊಸ ಕಾನೂನಿನ ಪರ. ಅವರ ವಾದವನ್ನು ತಳ್ಳಿಹಾಕುವ ಹಾಗಿಲ್ಲ. 'ಹಿಂದೆ ಸಾವಿರ ಲೆಕ್ಕದಲ್ಲಿದ್ದ ಡೈರಿಗಳು ಈಗ ರಾಜ್ಯದಲ್ಲಿ ನೂರೂ ಇಲ್ಲ. ಹಟ್ಟಿ, ಹಾಲು ಕರೆಯುವ ಯಂತ್ರ, ಶೀತಲೀಕರಣ ಎಲ್ಲಕ್ಕೂ ಕೋಟಿಗಟ್ಟಲೆ ಬೇಕು. ಒಂದು ಕುಟುಂಬ ಎಲ್ಲಿಂದ ತರುವುದು? ನೆಂಟನಲ್ಲದ ಪಕ್ಕದ ಮನೆಯವನ ಜೊತೆ ಸೇರಿ ಕಂಪೆನಿ ಮಾಡುವ ಹಾಗೂ ಇಲ್ಲ. ಹಾಲಿಲ್ಲದೆ ಡೈರಿ ಕಾರ್ಖಾನೆ ಮುಚ್ಚಿದರೆ ಉಳಿದ ಸಣ್ಣವರ ಹಾಲು ಕೊಳ್ಳುವವರ್ಯಾರು?' ಇದು ಅವರ ಪ್ರಶ್ನೆ. ಹಾಲಿನ ಸೊಸೈಟಿ ಕಟ್ಟಿ ಬೆಳೆಸಿದ ಯಾರಿಗೇ ಆದರೂ ಈ ಮಾತಿನ ತೂಕ ಗೊತ್ತಾಗುತ್ತದೆ.

ಫಾರ್ಮರ್ಸ್ ಯೂನಿಯನ್ ವಿರುದ್ಧ. 'ಇವತ್ತು ಹಾಲು, ಹಂದಿ. ನಾಳೆ ಗೋಧಿ, ನಾಡಿದ್ದು ಎಲ್ಲವೂ. ಹೊರಗಿನ ಹೂಡಿಕೆದಾರ ಬಂದರೆ ಭೂಮಿ ಬೆಲೆ ಏರುತ್ತದೆ, ನಮ್ಮ ಮಗ ಹತ್ತೆಕ್ರೆ ಹೆಚ್ಚಿಗೆ ಕೊಳ್ಳಲಾಗದು. ಲಾಭ ಊರಲ್ಲಿ ಉಳಿಯದು. ಗೊಬ್ಬರದ ಹೊಂಡದ ನಾತ ಮಾತ್ರ ಊರಿಗೆ.' ಡೈರಿಗಳು ಮುಚ್ಚಿದ್ದಕ್ಕೆ ಕಾರಣ ಈ ಕಾನೂನಲ್ಲ. ಕಂಪೆನಿಗಳಿಗೆ ತಡೆಯಿಲ್ಲದ ರಾಜ್ಯಗಳಲ್ಲೂ ಸಣ್ಣ ಹಟ್ಟಿಗಳು ಮುಚ್ಚಿವೆ ಎಂಬುದು ಅವರ ಉತ್ತರ.

ಮಾತಿನಲ್ಲೇ ನಿಲ್ಲಲಿಲ್ಲ. ಕಾನೂನನ್ನು ಮತಕ್ಕೆ ತರಬೇಕಾದರೆ ರಾಜ್ಯದ ಜನಸಂಖ್ಯೆಯ ಶೇಕಡ 2ರಷ್ಟು ಸಹಿ ಬೇಕು, ಅದೂ 90 ದಿನದೊಳಗೆ. ಲೆಕ್ಕ ಹಾಕಿದರೆ 13,452 ಸಹಿ. ಫಾರ್ಮರ್ಸ್ ಯೂನಿಯನ್ ಸದಸ್ಯರು ಊರೂರು ಸುತ್ತಿ ಬೇಕಾದ್ದಕ್ಕಿಂತ ಸಾವಿರಾರು ಹೆಚ್ಚು ಸಹಿ ತಂದರು. ಕಾನೂನು ಅಲ್ಲಿಗೇ ನಿಂತಿತು.

2016ರ ಜೂನ್ 14ರಂದು ಮತದಾನ. ಫಲಿತಾಂಶ ಏನಾಯ್ತು ಗೊತ್ತೇ? ನಾಲ್ಕರಲ್ಲಿ ಮೂರು ಪಾಲು ಜನ 'ಬೇಡ' ಎಂದರು. ಶಾಸನಸಭೆ ಮಾಡಿದ ಕಾನೂನು ಮಣ್ಣು ಮುಕ್ಕಿತು.

ಗೆದ್ದ ಮೇಲೂ ಮುಗಿಯಲಿಲ್ಲ

ಇಲ್ಲಿಗೇ ಕಥೆ ಮುಗಿಸಿದರೆ ಓದಲು ಹಿತ. ಆದರೆ ನಡೆದದ್ದು ಬೇರೆ. ಅದೇ ತಿಂಗಳು ಫಾರ್ಮ್ ಬ್ಯೂರೋ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. 2018ರಲ್ಲಿ ನ್ಯಾಯಾಲಯ ಕಂಪೆನಿ ಬೇಸಾಯದ ನಿಷೇಧವನ್ನು ಕಿತ್ತುಹಾಕಲಿಲ್ಲ. ಆದರೆ ಕುಟುಂಬ ಕಂಪೆನಿಗಳಿಗಿರುವ ವಿನಾಯಿತಿ ಹೊರರಾಜ್ಯದ ಕುಟುಂಬಗಳಿಗೂ ಸಿಗಬೇಕು ಎಂದಿತು. ಮುಂದೆ 2023ರಲ್ಲಿ ಶಾಸನಸಭೆ ಪಶುಸಂಗೋಪನೆಗೆ ಮತ್ತೆ ಸಡಿಲಿಕೆ ಮಾಡಿತು. ಈ ಬಾರಿ ಭೂಮಿಯ ಮಿತಿ 160 ಎಕ್ರೆ.

ಏಳು ವರ್ಷದ ಹಿಂದೆ ಮುಂಬಾಗಿಲಲ್ಲಿ ತಡೆದದ್ದು, ಚಿಕ್ಕದಾಗಿ ಪಕ್ಕದ ಬಾಗಿಲಿಂದ ಬಂತು. ಬೇಲಿ ಒಮ್ಮೆ ಹಾಕಿದರೆ ಸಾಲದು, ವರ್ಷವರ್ಷ ನೋಡಿಕೊಳ್ಳಬೇಕು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

ಹೆಸರು ನೋಡಿ ಮತ ಹಾಕಬಾರದು

'ಬೇಸಾಯ ಮಾಡುವ ಹಕ್ಕು'. ಎಷ್ಟು ಒಳ್ಳೆಯ ಹೆಸರು! ಬೇಡ ಅನ್ನುವ ರೈತ ಇರಲಿಕ್ಕುಂಟೇ?

ಮಿಸೌರಿ ರಾಜ್ಯದಲ್ಲಿ 2014ರ ಆಗಸ್ಟ್‌ನಲ್ಲಿ ಈ ಹೆಸರಿನ ಸಂವಿಧಾನ ತಿದ್ದುಪಡಿ ಮತಕ್ಕೆ ಬಂತು. ಪರವಾಗಿ ನಿಂತವರು ಮಿಸೌರಿ ಫಾರ್ಮ್ ಬ್ಯೂರೋ, ಜೋಳ ಬೆಳೆಗಾರರ ಸಂಘ, ದನ ಸಾಕಣೆಗಾರರ ಸಂಘ. 'ಹೊರಗಿನ ಪ್ರಾಣಿದಯಾ ಸಂಘಗಳು ಬಂದು ನಮ್ಮ ಹಟ್ಟಿಗೆ ಕಾನೂನು ಬರೆಯುತ್ತಿವೆ, ಅದಕ್ಕೆ ತಡೆ ಬೇಕು' ಎಂಬುದು ಅವರ ಮಾತು. ವಿರುದ್ಧ ನಿಂತವರಲ್ಲಿ ಪ್ರಾಣಿದಯಾ ಸಂಘಗಳು ಇದ್ದದ್ದು ಸಹಜ. ಆದರೆ ಅವರ ಜೊತೆ ಮಿಸೌರಿ ಫಾರ್ಮರ್ಸ್ ಯೂನಿಯನ್ ಮತ್ತು ಸಣ್ಣ ರೈತರ ಸಂಘಟನೆಯಾದ ಮಿಸೌರಿ ರೂರಲ್ ಕ್ರೈಸಿಸ್ ಸೆಂಟರ್ ಕೂಡ ಇದ್ದವು!

ಸಣ್ಣವರಿಗೆ ಯಾಕೆ ಅನುಮಾನ? ದೊಡ್ಡ ಹಂದಿ ಫಾರ್ಮೊಂದು ಊರ ಪಕ್ಕ ಬಂದು ಹಳ್ಳದ ನೀರು ಕೆಟ್ಟರೆ, ಅದನ್ನು ಕೇಳುವ ಕೌಂಟಿಯ ಅಧಿಕಾರಕ್ಕೆ ಈ 'ಹಕ್ಕು' ಅಡ್ಡ ಬಂದೀತು ಅಂತ. ಇನ್ನೊಂದು ಅಂಶ ಇನ್ನೂ ಸೂಕ್ಷ್ಮ. ಮತಪತ್ರದಲ್ಲಿ ಬರೆದದ್ದು 'ಮಿಸೌರಿಯ ನಾಗರಿಕರ' ಹಕ್ಕು. ತಿದ್ದುಪಡಿಯ ಒಳಗೆ ಇದ್ದದ್ದು 'ರೈತರ ಮತ್ತು ಪಶುಪಾಲಕರ' ಹಕ್ಕು. ಕಂಪೆನಿಯೂ 'ರೈತ' ಆಗಬಹುದಲ್ಲ! ಇದು ಕೋರ್ಟಿಗೂ ಹೋಯಿತು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಮತಪತ್ರದ ಒಕ್ಕಣೆ ಸರಿಯಿದೆ ಎಂದಿತು. ಸುಮಾರು ಹತ್ತು ಲಕ್ಷ ಮತಗಳಲ್ಲಿ ತಿದ್ದುಪಡಿ ಗೆದ್ದದ್ದು ಎರಡೂವರೆ ಸಾವಿರದೊಳಗಿನ ಅಂತರದಿಂದ.

ಹೆಚ್ಚುಕಡಿಮೆ ಅಂಥದ್ದೇ ಪ್ರಶ್ನೆ 2016ರ ನವೆಂಬರ್‌ನಲ್ಲಿ ಒಕ್ಲಹೋಮ ರಾಜ್ಯದಲ್ಲಿ ಬಂತು. ಅಲ್ಲೂ ಫಾರ್ಮ್ ಬ್ಯೂರೋ ಪರ. ಆದರೆ ಅಲ್ಲಿ ಚರ್ಚೆ ತಿರುಗಿದ್ದು ಕುಡಿಯುವ ನೀರಿನ ಕಡೆಗೆ. ಮೂಲನಿವಾಸಿ ಬುಡಕಟ್ಟುಗಳು, ನದಿ ಉಳಿಸುವವರು ವಿರುದ್ಧ ಸೇರಿದರು. ಶೇಕಡ 60ರಷ್ಟು ಜನ 'ಬೇಡ' ಎಂದರು. ಒಂದೇ ಹೆಸರು, ಎರಡು ಊರು, ಎರಡು ಫಲಿತಾಂಶ.

ದುಡ್ಡಿನ ಹಿಂದೆ ಯಾರು?

ಪರವೋ ವಿರೋಧವೋ, ಪ್ರಚಾರಕ್ಕೆ ದುಡ್ಡು ಕೊಟ್ಟವರ ಪಟ್ಟಿಯನ್ನು ಅಲ್ಲಿ ಸರಕಾರಕ್ಕೆ ಒಪ್ಪಿಸಬೇಕು. ವಾಷಿಂಗ್ಟನ್ ರಾಜ್ಯದಲ್ಲಂತೂ ಜಾಹೀರಾತಿನಲ್ಲೇ ಅತಿ ಹೆಚ್ಚು ಕೊಟ್ಟ ಐವರ ಹೆಸರು ಹಾಕಬೇಕು.

ಅಲ್ಲಿ 2013ರಲ್ಲಿ ಕುಲಾಂತರಿ ಆಹಾರಕ್ಕೆ ಲೇಬಲ್ ಅಂಟಿಸಬೇಕು ಎಂಬ ಪ್ರಸ್ತಾವ ಮತಕ್ಕೆ ಬಂತು. ವಿರೋಧಿ ಬಣ ಒಟ್ಟುಮಾಡಿದ್ದು ಸುಮಾರು 2 ಕೋಟಿ 20 ಲಕ್ಷ ಡಾಲರು. ಮೊನ್ಸಾಂಟೊದಂಥ ಬೀಜ ಕಂಪೆನಿಗಳು ತಮ್ಮ ಹೆಸರಲ್ಲೇ ಕೊಟ್ಟವು. ಅರ್ಧದಷ್ಟು ದುಡ್ಡು ಮಾತ್ರ ಬಂದದ್ದು ಗ್ರೋಸರಿ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಶನ್ ಎಂಬ ಒಂದೇ ಹೆಸರಲ್ಲಿ. ಅದರ ಹಿಂದೆ ಪೆಪ್ಸಿ, ಕೋಕಾಕೋಲಾ, ನೆಸ್ಲೆಯಂಥ ಕಂಪೆನಿಗಳಿದ್ದವು. ಗಿರಾಕಿಗಳ ಸಿಟ್ಟು ತಮ್ಮ ಬ್ರಾಂಡಿನ ಮೇಲೆ ತಿರುಗಬಾರದೆಂದು ಸಂಘದೊಳಗೆ ಬೇರೆಯೇ ಖಾತೆ ಮಾಡಿ ದುಡ್ಡು ಹಾಕಿದ್ದರು. ರಾಜ್ಯದ ಅಟಾರ್ನಿ ಜನರಲ್ ಮತದಾನಕ್ಕೆ ಮೊದಲೇ ದಾವೆ ಹೂಡಿದ ಮೇಲೆ ಹೆಸರುಗಳು ಹೊರಬಂದವು. ಪ್ರಸ್ತಾವ ಅಲ್ಪ ಅಂತರದಿಂದ ಸೋತಿತು. 2016ರಲ್ಲಿ ನ್ಯಾಯಾಲಯ ಆ ಸಂಘಕ್ಕೆ 1 ಕೋಟಿ 80 ಲಕ್ಷ ಡಾಲರು ದಂಡ ಹಾಕಿತು. 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ದಂಡ ಹೆಚ್ಚಾಗಲಿಲ್ಲ ಎಂದಿತು.

ಲೇಬಲ್ ಬೇಕೋ ಬೇಡವೋ ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಗೋಧಿ ಬೆಳೆವವನಿಗೆ ಒಂದು ಲೆಕ್ಕ, ಸಾವಯವ ತರಕಾರಿಯವನಿಗೆ ಇನ್ನೊಂದು. ಆದರೆ ತನ್ನ ವಾದ ಸರಿ ಅಂತ ನಂಬಿದವನು ಹೆಸರು ಯಾಕೆ ಮುಚ್ಚಿಡಬೇಕು? ಮುಚ್ಚಿಟ್ಟ ಕೂಡಲೇ ಸುಳ್ಳು ಅಂತಲ್ಲ. ಎರಡು ಸಲ ಕೇಳಬೇಕು ಅಂತ ಅಷ್ಟೇ.

ದೊಡ್ಡವರ ವಿರುದ್ಧ ಅಂದದ್ದೆಲ್ಲ ಸಣ್ಣವರ ಪರವೇ?

ಇಷ್ಟು ಓದಿ 'ಗೊತ್ತಾಯ್ತು, ಕಂಪೆನಿ ಯಾವ ಕಡೆಯೋ ಅದರ ಉಲ್ಟಾ ಮತ ಹಾಕಿದರಾಯ್ತು' ಅಂದುಕೊಂಡರೆ ಅದೂ ತಪ್ಪು. ಕ್ಯಾಲಿಫೋರ್ನಿಯದ ಸೊನೊಮ ಕೌಂಟಿಯ ಉದಾಹರಣೆ ನೋಡಿ.

2024ರ ನವೆಂಬರ್‌ನಲ್ಲಿ ಅಲ್ಲೊಂದು ಪ್ರಸ್ತಾವ. ದೊಡ್ಡ ಪ್ರಮಾಣದ ಕೋಳಿ, ದನದ ಫಾರ್ಮ್‌ಗಳನ್ನು ಮೂರು ವರ್ಷದೊಳಗೆ ಮುಚ್ಚಬೇಕು ಅಥವಾ ಸಣ್ಣದು ಮಾಡಬೇಕು. 'ಕಾರ್ಖಾನೆ ಸಾಕಣೆ ನಿಲ್ಲಲಿ' ಎಂಬ ಘೋಷಣೆ. ತಂದವರು ಪ್ರಾಣಿಹಕ್ಕಿನ ಹೋರಾಟಗಾರರು. ಕೇಳಿದರೆ ಸಣ್ಣ ರೈತ ಚಪ್ಪಾಳೆ ತಟ್ಟಬೇಕು.

ಆದರೆ ವಿರುದ್ಧ ನಿಂತವರ ಸಾಲು ನೋಡಿ. ಫಾರ್ಮ್ ಬ್ಯೂರೋ ಇತ್ತು ಸರಿ. ಜೊತೆಗೆ ತಲೆತಲಾಂತರದಿಂದ ಬಂದ ಕುಟುಂಬ ಡೈರಿಗಳು, ದನ ಹುಲ್ಲುಗಾವಲಲ್ಲಿ ಮೇಯಿಸುವ ಸಾವಯವ ಹಾಲಿನವರು. ಎಲ್ಲದರಲ್ಲೂ ಜಗಳಾಡುವ ಡೆಮಾಕ್ರಾಟ್ ಮತ್ತು ರಿಪಬ್ಲಿಕನ್ ಪಕ್ಷಗಳ ಸ್ಥಳೀಯ ಘಟಕಗಳೂ ಒಟ್ಟಿಗೆ 'ಬೇಡ' ಎಂದವು. ಕಾರಣ ಇಷ್ಟೇ: ತಲೆ ಎಣಿಸಿ 'ದೊಡ್ಡದು' ಎಂದು ಗೆರೆ ಎಳೆದಾಗ ಆ ಗೆರೆಯೊಳಗೆ ಊರಿನ ಪರಿಚಿತ ಕುಟುಂಬಗಳೇ ಬಂದವು. ಅವು ಮುಚ್ಚಿದರೆ ಮೇವು ಮಾರುವವನು, ಪಶುವೈದ್ಯ, ಹಾಲು ಸಾಗಿಸುವ ಲಾರಿಯವನು ಎಲ್ಲರಿಗೂ ಪೆಟ್ಟು. ಉಳಿದ ಸಣ್ಣ ಹಟ್ಟಿಗೂ ಖರ್ಚು ಜಾಸ್ತಿ. ಪ್ರಸ್ತಾವ ನೂರಕ್ಕೆ 85ರಷ್ಟು ವಿರುದ್ಧ ಮತದಿಂದ ಬಿದ್ದುಹೋಯಿತು.

ಅಂದರೆ ಘೋಷಣೆಯೂ ಸಾಲದು, ಶತ್ರು ಯಾರೆಂಬುದೂ ಸಾಲದು. ಆ ಕಾನೂನಿನ ಕೆಳಗೆ ನಾಳೆ ಬದುಕಬೇಕಾದವರು ಯಾವ ಕಡೆ ನಿಂತಿದ್ದಾರೆ ಅನ್ನುವುದು ಹೆಚ್ಚು ಹೇಳುತ್ತದೆ.

ನಮ್ಮಲ್ಲಿ?

ನಮ್ಮಲ್ಲಿ ಕಾನೂನನ್ನು ಹೀಗೆ ಜನಮತಕ್ಕೆ ಇಡುವ ವ್ಯವಸ್ಥೆ ಇಲ್ಲ. ಆದರೆ ಪ್ರಶ್ನೆಗಳು ಅವೇ. ಉತ್ತರ ಡಕೋಟದವರು ಮತ ಹಾಕಿದ 'ಭೂಮಿ ಯಾರು ಕೊಳ್ಳಬಹುದು' ಎಂಬ ಪ್ರಶ್ನೆ ನಮ್ಮ ಮುಂದೆಯೂ ಬಂದಿತ್ತು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು 79ಎ, 79ಬಿ ಸೆಕ್ಷನ್‌ಗಳನ್ನು ಕೈಬಿಟ್ಟರು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆ ಹೋಯಿತು. 'ಓದಿದ ಯುವಕರು ಕೃಷಿಗೆ ಬರಲಿ, ಬಂಡವಾಳ ಬರಲಿ, ಈ ಸೆಕ್ಷನ್‌ಗಳ ಹೆಸರಲ್ಲಿ ಕಚೇರಿಗಳಲ್ಲಿ ನಡೆಯುವ ಕಿರುಕುಳ, ಲಂಚ ನಿಲ್ಲಲಿ' ಎಂದು ಸರಕಾರ. 'ಸಣ್ಣವನ ಭೂಮಿ ದುಡ್ಡಿದ್ದವನ ಪಾಲಾಗುತ್ತದೆ' ಎಂದು ರೈತ ಸಂಘಟನೆಗಳು. 2020ರ ಸೆಪ್ಟೆಂಬರ್ 28ರಂದು ಬಂದ್ ಕೂಡ ನಡೆಯಿತು. ಮೊದಲು ಸುಗ್ರೀವಾಜ್ಞೆ, ಆಮೇಲೆ ಸದನದ ಒಪ್ಪಿಗೆ. ಸಹಿ ಸಂಗ್ರಹಿಸಿ ತಡೆಯುವ ದಾರಿ ನಮಗಿರಲಿಲ್ಲ.

ಜನರನ್ನು ಕೇಳಿದ ಉದಾಹರಣೆ ನಮ್ಮ ದೇಶದಲ್ಲೂ ಇಲ್ಲದಿಲ್ಲ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿಯ ವಿಷಯದಲ್ಲಿ ಗ್ರಾಮಸಭೆಗಳನ್ನು ಕೇಳಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಹನ್ನೆರಡು ಗ್ರಾಮಸಭೆ ಸೇರಿತು. ಹನ್ನೆರಡೂ 'ಬೇಡ' ಎಂದವು. ಗಣಿಗಾರಿಕೆಗೆ ಒಪ್ಪಿಗೆ ಸಿಗಲಿಲ್ಲ. ಕುಲಾಂತರಿ ಬದನೆಯ ಬಗ್ಗೆ 2010ರಲ್ಲಿ ಕೇಂದ್ರ ಸರಕಾರ ಬೆಂಗಳೂರು ಸೇರಿ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿತು. ಅದರ ಬೆನ್ನಿಗೇ ಬದನೆಗೆ ತಡೆ ಬಿತ್ತು.

ಮತಪತ್ರ ಇಲ್ಲದಿದ್ದರೂ ಗ್ರಾಮಸಭೆ ಇದೆ, ಸೊಸೈಟಿಯ ಮಹಾಸಭೆ ಇದೆ, ಕರಡು ನಿಯಮಕ್ಕೆ ಆಕ್ಷೇಪಣೆ ಸಲ್ಲಿಸುವ ಅವಕಾಶ ಇದೆ. ಅಲ್ಲೆಲ್ಲ ಕೈ ಎತ್ತುವ ಮೊದಲು ಕೇಳಿಕೊಳ್ಳಲು ಆರು ಪ್ರಶ್ನೆ ಇಲ್ಲಿವೆ. ಸಂಘದ ಸಭೆಯಲ್ಲಿ ಓದಿ ಹೇಳಬಹುದು.

1. 'ಹೌದು' ಅಂದರೆ ಏನಾಗುತ್ತದೆ? 'ಬೇಡ' ಅಂದರೆ ಏನಾಗುತ್ತದೆ? ಎರಡನ್ನೂ ಸ್ವಂತ ಮಾತಿನಲ್ಲಿ ಹೇಳಲು ಬರುತ್ತದೆಯೇ?

2. ತಲೆಬರಹದಲ್ಲಿ ಇರುವ ಮಾತು, ಒಳಗಿನ ಒಕ್ಕಣೆ ಒಂದೇ ಆಗಿದೆಯೇ? 'ರೈತ' ಅಂದರೆ ಯಾರು ಎಂದು ಬರೆದಿದೆಯೇ?

3. ಪರ ಇರುವವರ ಪಟ್ಟಿ, ವಿರೋಧ ಇರುವವರ ಪಟ್ಟಿ ಅಕ್ಕಪಕ್ಕ ಇಡಿ. ನಿಮ್ಮಷ್ಟೇ ಜಾಗ, ನಿಮ್ಮದೇ ಬೆಳೆ ಇರುವವರು ಯಾವ ಕಡೆ ಹೆಚ್ಚಿದ್ದಾರೆ?

4. ಪ್ರಚಾರದ ಖರ್ಚು ಯಾರದ್ದು? ಹೆಸರು ಹೇಳಲು ಹಿಂಜರಿಯುತ್ತಾರೆಯೇ?

5. ಎದುರು ಕಡೆಯವರ ಅತ್ಯಂತ ಗಟ್ಟಿ ವಾದ ಯಾವುದು? ಅದಕ್ಕೆ ನಮ್ಮಲ್ಲಿ ಉತ್ತರ ಇದೆಯೇ?

6. ಇವತ್ತು ಗೆದ್ದರೆ ಐದು ವರ್ಷ ಬಿಟ್ಟು ಕಾವಲು ಯಾರು?

ಆರರಲ್ಲಿ ನಾಲ್ಕಕ್ಕಾದರೂ ಉತ್ತರ ಸಿಗುವವರೆಗೆ ಕೈ ಕೆಳಗೇ ಇರಲಿ. 'ನಾಳೆ ನೋಡುವ' ಎಂದು ಹೇಳುವ ಹಕ್ಕಂತೂ ಎಲ್ಲ ಸಭೆಯಲ್ಲೂ ನಮಗಿದೆ.